ಕೂಗಿ ಕಾಯುವ ಮೈಕಕ್ಕ

ಬೆಳಗಿನ ಮಂಜು ಇನ್ನೂ ಅಂಗಳ ಬಿಟ್ಟು ಎದ್ದಿಲ್ಲ. ಬಾವಿಕಟ್ಟೆಯ ಪಕ್ಕ ಹಳೆಯ ಮೊಪೆಡ್ ಒಂದು ನಿಂತಿದೆ. ಹಿಂದಿನ ಸೀಟಿಗೆ ಕಾರಿನ ಬ್ಯಾಟರಿಯನ್ನು ಹಗ್ಗದಲ್ಲಿ ಬಿಗಿದಿದ್ದಾರೆ, ಮುಂದೆ ಹ್ಯಾಂಡಲ್ಲಿಗೆ ಬಾಯಿ ತೆರೆದ ತಗಡಿನ ಹಾರ್ನ್. ಐವತ್ತು ದಾಟಿದ ಹೆಂಗಸೊಬ್ಬರು ಶಾಲನ್ನು ಕಿವಿ ಮುಚ್ಚುವಂತೆ ಸುತ್ತಿಕೊಂಡು, ಮೈಕ್ ಬಾಯಿಗೆ ಹಿಡಿದು, ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಂಡು ಶುರು ಮಾಡುತ್ತಾರೆ.

"ಸಾರ್ವಜನಿಕರ ಗಮನಕ್ಕೆ. ಸೇನಾ ತರಬೇತಿ ಬಯಲನ್ನು ವಿಸ್ತರಿಸುವುದರಿಂದ ಇಲ್ಲಿನ ನೆಲ, ನೀರು, ಗಾಳಿ ಹಾಗೂ ಜನಜೀವನದ ಮೇಲೆ ಆಗಬಹುದಾದ ಪರಿಣಾಮಗಳ ಬಗ್ಗೆ ಬರುವ ಮಂಗಳವಾರ ಸಾರ್ವಜನಿಕ ಆಲಿಕೆ ಸಭೆ ನಡೆಯಲಿದೆ. ಈ ಊರಿನ ನಿವಾಸಿಗಳು ತಪ್ಪದೆ ಬಂದು ತಮ್ಮ ಅಹವಾಲು, ಆಕ್ಷೇಪಣೆಗಳನ್ನು ತಿಳಿಸಬೇಕಾಗಿ ವಿನಂತಿ."

ಧ್ವನಿ ಸ್ಪಷ್ಟವಾಗಿದೆ, ಒಂದು ಒತ್ತಕ್ಷರವೂ ಜಾರುವುದಿಲ್ಲ. ರೇಡಿಯೊದಲ್ಲಿದ್ದಿದ್ದರೆ ಇಷ್ಟು ಹೊತ್ತಿಗೆ ಹೆಸರು ಮಾಡುತ್ತಿದ್ದರು. ತೊಂದರೆ ಒಂದೇ, ಈ ಊರಿನಲ್ಲಿ ನಿವಾಸಿಗಳೇ ಇಲ್ಲ. ಎಂಟು ವರ್ಷದಿಂದ ಇಲ್ಲಿ ಒಲೆ ಹೊತ್ತಿಲ್ಲ. ಬಾಗಿಲುಗಳು ಅರ್ಧ ತೆರೆದುಕೊಂಡಿವೆ. ಬಟ್ಟೆ ಒಣಹಾಕುವ ತಂತಿಗಳು ಇನ್ನೂ ಬಿಗಿಯಾಗಿಯೇ ಇವೆ. ಒಂದೊಂದು ಗೋಡೆಯ ಮೇಲೂ ಹೊಸದಾಗಿ ಬಳಿದ ದುಂಡನೆಯ ಬಿಳಿ ಗುರುತು. ಕಾಗೆ ಕೂಗುವುದಿಲ್ಲ, ನಾಯಿ ಬೊಗಳುವುದಿಲ್ಲ. ಎದುರಿನ ಗುಡ್ಡ ಮಾತ್ರ ಸ್ವಲ್ಪ ತಡವಾಗಿ "ವಿನಂತಿ" ಎಂದು ನಮಗೇ ತಿರುಗಿ ಹೇಳುತ್ತದೆ.

ಆಕೆ ಮೈಕ್ ಆರಿಸುತ್ತಾರೆ. ನಾನು ಹೊರಡುವುದೇ ಎಂದು ಎದ್ದು ನಿಂತರೆ, ಕೈಸನ್ನೆ ಮಾಡಿ ಕೂರಿಸುತ್ತಾರೆ.

"ಕೂಗಿ ಆಯ್ತಲ್ಲ, ಈಗ ಕಾಯೋದು. ಕೂಗಿದ ತಕ್ಷಣ ಓಡಿಹೋದ್ರೆ ಅದು ಕರೆದ ಹಾಗಾಗಲ್ಲ, ಬೈದುಹೋದ ಹಾಗಾಗುತ್ತೆ."

ಇವರು ಮೈಕಕ್ಕ. ಹೆತ್ತವರು ಇಟ್ಟ ಹೆಸರು ಏನೇ ಇರಲಿ, ಪೇಟೆಯಲ್ಲಿ ಕೇಳಿದರೆ ಯಾರಿಗೂ ಗೊತ್ತಿಲ್ಲ. ಗಂಡನದು ಮೈಕ್ ಸೆಟ್ ಬಾಡಿಗೆಗೆ ಕೊಡುವ, ಕೆಟ್ಟಿದ್ದನ್ನು ರಿಪೇರಿ ಮಾಡುವ ಅಂಗಡಿ. ಮದುವೆಯಾಗಿ ಬಂದ ವರ್ಷ ಗಂಡನಿಗೆ ಗಂಟಲು ಕಟ್ಟಿತು, ಪುರಸಭೆಯವರು ನೀರು ಬಿಡುವುದಿಲ್ಲವೆಂದು ಕೂಗಿಸಲು ಬಂದು ಬಾಗಿಲಲ್ಲೇ ನಿಂತಿದ್ದರು. ಅವತ್ತು ಹಿಡಿದ ಮೈಕನ್ನು ಇವರು ಕೆಳಗಿಟ್ಟಿಲ್ಲ. ನೀರು ನಿಲ್ಲುವುದು, ಕರೆಂಟು ಹೋಗುವುದು, ಲಸಿಕೆ ಹಾಕುವುದು, ಕಳೆದುಹೋದ ಆಡು, ಕಳೆದುಹೋದ ಅಜ್ಜ, ಎಲ್ಲವನ್ನೂ ಊರಿಗೆ ಮೊದಲು ಹೇಳಿದವರು ಇವರೇ. ಬೆಳಕು ಹರಿಯುವ ಮುಂಚೆ ಎದ್ದು ಒಂದು ಚೊಂಬು ಬಿಸಿನೀರು ಕುಡಿದು ಹೊರಟರೆ, ಬಿಸಿಲೇರುವಷ್ಟರಲ್ಲಿ ಮೂವತ್ತು ಬೀದಿ ಮುಗಿಸುತ್ತಾರೆ. ನಿದ್ದೆ ಕೆಟ್ಟವರು ಕಿಟಕಿಯಿಂದ ನೀರು ಎರಚಿದ್ದೂ ಉಂಟು.

"ಒಂದ್ಸಲ ಆಡು ಕಳೆದಿದೆ ಅಂತ ಕೂಗ್ತಾ ಹೋಗ್ತಿದೀನಿ. ಬೀದಿಯೋರೆಲ್ಲ ಬಿದ್ದು ಬಿದ್ದು ನಗ್ತಿದಾರೆ. ಯಾಕಪ್ಪಾ ಅಂತ ತಿರುಗಿ ನೋಡಿದ್ರೆ, ಅದೇ ಆಡು ನನ್ನ ಗಾಡಿ ಹಿಂದೇನೇ ಬರ್ತಿದೆ!" ಎಂದು ಅವರು ನಗುತ್ತಾರೆ. ಆಮೇಲೆ ನಗು ನಿಲ್ಲಿಸಿ, "ಅದಕ್ಕೇ ಹೇಳೋದು, ಕೂಗಿದ್ಮೇಲೆ ಒಂದು ಸಲ ಹಿಂದೆ ತಿರುಗಿ ನೋಡಬೇಕು" ಎನ್ನುತ್ತಾರೆ. ಅವರು ಹೇಳಿದ ಧಾಟಿಗೋ ಏನೋ, ನಾನೂ ಹಿಂದೆ ತಿರುಗಿ ನೋಡಿದೆ. ಖಾಲಿ ದಾರಿಯಲ್ಲಿ ಮಂಜು ಬಿಟ್ಟರೆ ಏನೂ ಇರಲಿಲ್ಲ.

ಆಡಿನ ವಿಷಯ ಬಿಡಿ, ಜನರಿಲ್ಲದ ಊರಿನಲ್ಲಿ ಆಲಿಕೆ ಸಭೆಯ ವಿಷಯ ಯಾಕೆ ಕೂಗಬೇಕು? ಅದಕ್ಕೊಂದು ನಿಯಮವಿದೆ. ಊರಿನ ಆಚೆ ಗುಡ್ಡಕ್ಕೆ ಸೈನಿಕರು ಫಿರಂಗಿ ಹಾರಿಸಿ ಅಭ್ಯಾಸ ಮಾಡುತ್ತಾರೆ. ಗುಂಡು ಊರಿನ ತಲೆಯ ಮೇಲೆ ಹಾದುಹೋಗುತ್ತದೆಂದು ಎಂಟು ವರ್ಷದ ಹಿಂದೆ ಇಲ್ಲಿದ್ದವರನ್ನೆಲ್ಲ "ತಾತ್ಕಾಲಿಕವಾಗಿ" ಪೇಟೆಗೆ ಕಳಿಸಿದರು. ಬಯಲಿನ ಪರವಾನಗಿ ಎರಡು ವರ್ಷಕ್ಕೊಮ್ಮೆ ಮುಗಿಯುತ್ತದೆ. ಮತ್ತೆ ಕೊಡುವ ಮುಂಚೆ ಪರಿಸರಕ್ಕೆ, ಜನಕ್ಕೆ ಏನಾಗುತ್ತದೆಂದು ವರದಿ ಮಾಡಿ, ಸುತ್ತಲಿನ ಪ್ರತಿ ಊರಿಗೂ ಡಂಗುರ ಹೊಡೆಸಿ, ಜನರ ಮಾತು ಕೇಳಬೇಕು. ಕಳಿಸಿದ್ದು ತಾತ್ಕಾಲಿಕ ತಾನೇ? ಹಾಗಾಗಿ ಕಾಗದದ ಮೇಲೆ ಈ ಕೆಳಗಿನೂರು ಇನ್ನೂ ತುಂಬಿದ ಊರು. ಇಲ್ಲೂ ಕೂಗಲೇಬೇಕು. ಸರ್ಕಾರದ ಕೆಲಸದಲ್ಲಿ ಬುದ್ಧಿಗಿಂತ ಕ್ರಮ ದೊಡ್ಡದು ಎಂದು ನಾನು ಕುಹಕವಾಡಿದರೆ ಮೈಕಕ್ಕ ನಗಲಿಲ್ಲ.

"ಕ್ರಮ ಇರ್ಲಿ ಬಿಡಿ. ಅದೊಂದು ಇರೋದಕ್ಕೇ ನಂಗೆ ಇಲ್ಲಿಗೆ ಬರೋಕೆ ಬಿಡ್ತಾರೆ."

ಯಾಕೆಂದರೆ ಇದು ಅವರ ತವರೂರು.

ಈ ಸಲದ ಪರವಾನಗಿ ಹಿಂದಿನವುಗಳ ಹಾಗಲ್ಲ. ಇಷ್ಟು ದಿನ ಕೆಳಗಿನೂರು ಗುಂಡಿನ ದಾರಿಯ ಕೆಳಗಿನ ಖಾಲಿ ಜಾಗವಾಗಿತ್ತು. ಈಗ ಅದನ್ನೇ ಗುರಿಯಾಗಿಸುವ ಪ್ರಸ್ತಾವವಿದೆ. ಮನೆಗಳ ನಡುವೆ ಕಾದಾಡುವುದನ್ನು ಕಲಿಯಲು ಸೈನಿಕರಿಗೆ ನಿಜವಾದ ಮನೆಗಳು ಬೇಕಂತೆ. ಗೋಡೆಗಳ ಮೇಲಿನ ಬಿಳಿ ದುಂಡುಗಳು ಯಾಕೆಂದು ನಾನು ಬೇರೆ ಕೇಳಬೇಕಾಗಲಿಲ್ಲ. ಊರಿನವರು ಯಾರೂ ಆಕ್ಷೇಪಿಸದಿದ್ದರೆ ಮುಂದಿನ ತಿಂಗಳಿಂದ ಮನೆಗಳು ಒಂದೊಂದಾಗಿ ಬೀಳುತ್ತವೆ. ಒಬ್ಬರಾದರೂ ಆಕ್ಷೇಪಿಸಿದರೆ, ಪರಿಶೀಲನಾ ಸಮಿತಿ ಸ್ಥಳಕ್ಕೆ ಬಂದು ಕಣ್ಣಾರೆ ನೋಡದೆ ತೀರ್ಮಾನ ಮಾಡುವಂತಿಲ್ಲ.

ಮೈಕಕ್ಕ ಈಗ ಮೊಪೆಡ್ ಬಿಟ್ಟು ನಡೆಯುತ್ತಾರೆ. ಇನ್ನು ಮುಂದಿನದು ಕಚೇರಿ ಹೇಳಿದ್ದಲ್ಲ, ಅವರದೇ ಪದ್ಧತಿ. ಒಂದೊಂದು ಮನೆಯ ಮುಂದೆ ನಿಂತು, ಮೈಕಿಲ್ಲದೆ, ಅಕ್ಕಪಕ್ಕದವರನ್ನು ಮಾತಾಡಿಸುವ ದನಿಯಲ್ಲಿ ಕರೆಯುತ್ತಾರೆ.

"ಬಡಗಿ ಮನೆಯೋರೇ, ಕೇಳಿಸ್ತಾ? ಮಂಗಳವಾರ ಸಭೆ."

ನಿಂತು ಕಾಯುತ್ತಾರೆ. ಒಳಗೆ ಕತ್ತಲೆ. ಮುಂದಿನ ಮನೆ.

"ಮೂಲೆಮನೆಯೋರೇ, ಕೇಳಿಸ್ತಾ?"

ನಮ್ಮ ಜೊತೆ ಕಾವಲಿಗೆಂದು ಒಬ್ಬ ಸಿಪಾಯಿ ಬಂದಿದ್ದಾರೆ. ನಿವೃತ್ತಿ ಹತ್ತಿರವಾದ, ಹೊಟ್ಟೆ ಬಂದ, ಮಾತುಗಾರ ಮನುಷ್ಯ. ಸಿಡಿಯದೆ ಬಿದ್ದ ಗುಂಡುಗಳಿರುತ್ತವೆ, ದಾರಿ ಬಿಟ್ಟು ಕಾಲಿಡಬೇಡಿ ಎಂದು ನನಗೆ ಹೇಳಿದ್ದನ್ನೇ ಹೇಳುತ್ತಾ ಬಂದವರು, ಬೀದಿಯ ಕೊನೆ ಹತ್ತಿರವಾದಂತೆ ಮಾತು ಕಡಿಮೆ ಮಾಡುತ್ತಾರೆ. ಆಮೇಲೆ ನಿಂತೇ ಬಿಡುತ್ತಾರೆ. "ಅಕ್ಕ, ನೀವು ಹೋಗ್ಬನ್ನಿ. ನಾನು ಇಲ್ಲೇ ಇರ್ತೀನಿ" ಎಂದು ಬೀಡಿ ಹಚ್ಚಲು ಬೆಂಕಿಕಡ್ಡಿ ಗೀರುತ್ತಾರೆ. ಕಡ್ಡಿ ಹೊತ್ತಿಕೊಂಡರೂ ಬೀಡಿಗೆ ಹಚ್ಚುವುದನ್ನು ಮರೆಯುತ್ತಾರೆ.

ಬೀದಿಯ ತುದಿಯಲ್ಲಿರುವುದು ಕೊನೆಮನೆ. ಮೈಕಕ್ಕನ ತಾಯಿಯ ಮನೆ. ಹೆಂಚು ಅಲ್ಲಲ್ಲಿ ಜಾರಿದೆ. ಬಿಳಿ ದುಂಡು ಇಲ್ಲಿ ಗೋಡೆಯ ಮೇಲಲ್ಲ, ಮುಚ್ಚಿದ ಬಾಗಿಲ ಮೇಲೆಯೇ ಇದೆ.

"ಕೊನೆಮನೆಯೋರೇ, ಕೇಳಿಸ್ತಾ?"

ಎಂದಿನ ಹಾಗೆ ಕಾಯುತ್ತಾರೆ. ಇಲ್ಲಿ ಸ್ವಲ್ಪ ಹೆಚ್ಚೇ ಕಾಯುತ್ತಾರೆ. ನಾನು ಗಡಿಯಾರ ನೋಡಿಕೊಳ್ಳುತ್ತಿದ್ದೇನೆ, ಆಗ ಬಾಗಿಲ ಆಚೆಯಿಂದ, ಮನೆಯ ಒಳಗಿನ ಯಾವುದೋ ಕೋಣೆಯಿಂದ, ವಯಸ್ಸಾದ ಹೆಣ್ಣು ದನಿಯೊಂದು ಹೇಳುತ್ತದೆ:

"ಬಂದೆ, ತಾಳಿ."

ಮೈಕಕ್ಕನ ಮುಖ ನೋಡಿದೆ. ಅವರ ತುಟಿ ಮುಚ್ಚಿತ್ತು, ಗಂಟಲು ಅಲುಗಾಡಿರಲಿಲ್ಲ. ಪತ್ರಿಕೆಗೆ ಬರೆಯುವ ಈ ಕಸುಬಿನಲ್ಲಿ ಇಷ್ಟು ವರ್ಷ ಕಳೆದ ಮೇಲೆ ಇಂಥದ್ದಕ್ಕೆಲ್ಲ ಕಿವಿಗೊಡುವವನಲ್ಲ ನಾನು. ಆದರೂ ಬಾಗಿಲು ತಳ್ಳಿ ನೋಡೋಣವೇ ಎಂದು ಕೇಳುವ ಧೈರ್ಯ ಬರಲಿಲ್ಲ. ಬಾಗಿಲು ತೆರೆಯಲಿಲ್ಲ, ಹೆಜ್ಜೆ ಸದ್ದೂ ಬರಲಿಲ್ಲ. ಆ ಎರಡು ಮಾತಿನ ಕೊನೆಯಲ್ಲಿ ಕುಳಿತಿದ್ದವರು ಏಳುವಾಗ ಬಿಡುವಂಥ ಸಣ್ಣ ಉಸಿರೊಂದು ಕೇಳಿತ್ತು, ಅಷ್ಟೆ.

"ಸರಿ ಅಮ್ಮ" ಎಂದು ಮೈಕಕ್ಕ ಶಾಲು ಸರಿಮಾಡಿಕೊಂಡು ಹಿಂದಿರುಗಿದರು.

ಅವರ ತಾಯಿ ತೀರಿಕೊಂಡು ಮೂರು ವರ್ಷವಾಗಿದೆ.

ಆಕೆ ಹೊಲಿಗೆಯಮ್ಮ. ಹರಿದದ್ದು, ಉದ್ದವಾದದ್ದು, ಬಿಗಿಯಾದದ್ದು ಹಿಡಿದು ಕೆಳಗಿನೂರಿನವರೆಲ್ಲ ಕೊನೆಮನೆಯ ಬಾಗಿಲಿಗೆ ಬರುತ್ತಿದ್ದರು. ಕಾಲಲ್ಲಿ ತುಳಿಯುವ ಮಿಷನ್ನು ಆಕೆಯ ಮಂಡಿ ಎರಡನ್ನೂ ತಿಂದುಹಾಕಿತ್ತು. ಯಾರು ಕರೆದರೂ ಒಳಗಿನಿಂದ ಮೊದಲು "ಬಂದೆ, ತಾಳಿ" ಎನ್ನುವುದು, ಆಮೇಲೆ ಮಿಷನ್ನಿನ ಮೇಲೆ ಕೈಯೂರಿ ಏಳುವುದು, ಆಮೇಲೆ ಗೋಡೆ ಹಿಡಿದುಕೊಂಡು ಬರುವುದು. ಕಾಯುವ ವ್ಯವಧಾನವಿಲ್ಲದವರು ಬಟ್ಟೆ ಕಟ್ಟೆಯ ಮೇಲಿಟ್ಟು ಹೋಗಿಬಿಡುತ್ತಿದ್ದರು. ಬಾಗಿಲಿಗೆ ಬಂದು ಯಾರೂ ಇಲ್ಲದ್ದು ಕಂಡಾಗ ಅಮ್ಮನ ಮುಖ ಸಣ್ಣಗಾಗುತ್ತಿದ್ದದ್ದನ್ನು ಮಗಳು ಎಷ್ಟೋ ಸಲ ನೋಡಿದ್ದಾರೆ. ಕೂಗಿ ಕಾಯುವ ಪಾಠ ಅವರು ಕಲಿತದ್ದು ಅಲ್ಲಿ.

ಊರು ಬಿಟ್ಟ ಮೇಲೆ ತಾಯಿ ಪೇಟೆಯಲ್ಲಿ ಮಗಳು ಅಳಿಯನ ಜೊತೆಗಿದ್ದರು. ಅಂಗಡಿಯ ಹಿಂದಿನ ಕೋಣೆ, ಒಂದು ಮಂಚ, ಹೊರಗೆ ದಿನವಿಡೀ ಕೆಟ್ಟ ಸ್ಪೀಕರುಗಳ ಗೊರಗೊರ. ಪಕ್ಕದ ಮನೆಯ ಬಾಗಿಲು ಯಾರಾದರೂ ತಟ್ಟಿದರೂ ಮಂಚದಿಂದಲೇ "ಬಂದೆ, ತಾಳಿ" ಎನ್ನುತ್ತಿದ್ದರು. ಕೊನೆಯ ದಿನಗಳಲ್ಲಿ ಯಾರೂ ತಟ್ಟದಿದ್ದರೂ ಅನ್ನುತ್ತಿದ್ದರು.

"ಅಮ್ಮ ಇದ್ದಾಗ ಎರಡು ಸಲ ಆ ಮನೆ ಮುಂದೆ ಕೂಗಿದೀನಿ. ಏನೂ ಇಲ್ಲ, ನೊಣ ಹಾರಿದ ಸದ್ದೂ ಇಲ್ಲ. ಮನೆಗೆ ಬಂದ ತಕ್ಷಣ ಅಮ್ಮ ಕೇಳೋಳು, ನಮ್ಮನೆ ಮುಂದೆ ಕೂಗಿದ್ಯಾ, ಕಾದ್ಯಾ ಅಂತ. ಕಾದೆ ಕಣಮ್ಮ ಅಂದ್ರೆ ಸಮಾಧಾನ. ಅಮ್ಮ ಹೋದ ಮೇಲೆ ಮೂರನೇ ಸಲ ಹೋದಾಗ ಓಗೊಟ್ಟಿದ್ದು. ಮೊದಲು ನಂಗೆ ಭಯ ಆಗ್ಲಿಲ್ಲ. ಅಭ್ಯಾಸ ನೋಡಿ, ಸರಿ ಅಮ್ಮ ಅಂದು ಹೊರಟೆ. ಅರ್ಧ ದಾರಿಗೆ ಬಂದ್ಮೇಲೆ ಗಾಡಿ ನಿಲ್ಲಿಸಿ ಅಲ್ಲೇ ಕೂತ್ಬಿಟ್ಟೆ."

ಏನಿರಬಹುದು ಅದು? ಸಿಪಾಯಿಯ ಪ್ರಕಾರ ಮೈನಾ ಹಕ್ಕಿ. "ಮನುಷ್ಯರ ಮಾತು ಕಲ್ತುಬಿಡ್ತವೆ ಸಾರ್. ನಮ್ಮ ಕ್ಯಾಂಪಿನಲ್ಲಿ ಒಂದು ಮೈನಾ ಥೇಟ್ ನಮ್ಮ ಸಾಹೇಬ್ರ ಹಾಗೇ ಬೈಯುತ್ತೆ" ಎನ್ನುತ್ತಾರೆ. ಹಾಗಾದರೆ ಕೊನೆಮನೆಯವರೆಗೆ ಯಾಕೆ ಬರುವುದಿಲ್ಲ ಎಂದು ಕೇಳಿದರೆ, ಮಂಡಿನೋವು ಎನ್ನುತ್ತಾರೆ! ಮೈಕಕ್ಕನ ಗಂಡ ಗುಡ್ಡದ ಮಾರ್ದನಿ ಎನ್ನುತ್ತಾರೆ, ಶಬ್ದದ ವ್ಯವಹಾರದಲ್ಲಿರುವವರಲ್ಲವೇ. ಆದರೆ ಹೇಳದೇ ಇದ್ದದ್ದನ್ನು ಗುಡ್ಡ ಹೇಗೆ ತಿರುಗಿ ಹೇಳಿತು ಎಂದರೆ ಸ್ಕ್ರೂಡ್ರೈವರಿನಿಂದ ತಲೆ ಕೆರೆದುಕೊಳ್ಳುತ್ತಾರೆ. ಮೈಕಕ್ಕ ಮಾತ್ರ ಒಮ್ಮೆಯೂ ಬಾಗಿಲು ತಳ್ಳಿ ಇಣುಕಿಲ್ಲ.

"ಹಕ್ಕಿ ಆಗಿದ್ರೆ ಅದರ ಮನೆ ಅದು. ಅಮ್ಮ ಆಗಿದ್ರೆ ಅಮ್ಮನ ಮನೆ. ಎರಡ್ರಲ್ಲಿ ಯಾವುದಾದ್ರೂ ಆ ಮನೆ ಖಾಲಿ ಅಂತ ಹೇಗೆ ಹೇಳ್ಲಿ?"

ಅದನ್ನು ಹೇಳಬೇಕಾದ ಜಾಗ ಸಭೆ. ಆದರೆ ಅಲ್ಲಿ ಮೈಕಕ್ಕನ ಬಾಯಿಗೆ ಬೀಗ. ಕೂಗುವವರು ಯಾರ ಪರವೂ ಅಲ್ಲ, ಕಚೇರಿಯ ಮಾತಿಗೆ ಸ್ವಂತದ ಒಂದು ಅಕ್ಷರವನ್ನೂ ಸೇರಿಸಬಾರದು ಎಂಬ ಒಪ್ಪಂದದ ಮೇಲೆ ಅವರಿಗೆ ಈ ಕೆಲಸ. ಊರಿನ ಉಳಿದವರದ್ದೂ ಅದೇ ಕಥೆ. ಬಡಗಿ ಮನೆಯ ಹಿರಿಮಗ ಈಗ ಸೈನಿಕರ ಬಟ್ಟೆ ಒಗೆಯುತ್ತಾನೆ. ಮೂಲೆಮನೆಯ ಸೊಸೆ ಅವರ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾಳೆ. ಹೊಟ್ಟೆಪಾಡು ಕ್ಯಾಂಪಿನ ಗೇಟಿನೊಳಗಿರುವಾಗ ಯಾರು ಬಾಯಿ ಬಿಡುತ್ತಾರೆ? ಹಿಂದಿನ ಮೂರು ಸಭೆಗಳಲ್ಲೂ ಕೆಳಗಿನೂರಿನ ಸರದಿ ಬಂದಾಗ ಒಬ್ಬರೂ ಎದ್ದಿರಲಿಲ್ಲ.

ಮಂಗಳವಾರ ಬರುತ್ತದೆ. ಸಭಾಂಗಣದ ಫ್ಯಾನುಗಳು ಕಿರುಗುಟ್ಟುತ್ತವೆ. ವೇದಿಕೆಯ ಮೇಲೆ ಸಮಿತಿಯ ಅಧ್ಯಕ್ಷೆ, ಪಕ್ಕದಲ್ಲಿ ಇಸ್ತ್ರಿ ಮುರಿಯದ ಸಮವಸ್ತ್ರದ ಅಧಿಕಾರಿ, ಇನ್ನೊಂದು ಪಕ್ಕ ವರದಿ ಓದುವ ಕನ್ನಡಕದ ಯುವತಿ. ವರದಿ ಚೆನ್ನಾಗಿಯೇ ಇದೆ, ನೀರು ಮಣ್ಣು ಎಲ್ಲದರ ಲೆಕ್ಕವಿದೆ. ಕೆಳಗಿನೂರಿನ ಪುಟಕ್ಕೆ ಬಂದಾಗ ಆಕೆ ಓದುತ್ತಾಳೆ: "ಜನವಸತಿ ಇಲ್ಲ. ಆದ್ದರಿಂದ ಜನಜೀವನದ ಮೇಲೆ ಪರಿಣಾಮ ಶೂನ್ಯ." ಹಿಂದಿನ ಬೆಂಚಿನಲ್ಲಿ ಬಟ್ಟೆ ಒಗೆಯುವವನು ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಾನೆ.

ಸಭೆಯ ಕ್ರಮದಂತೆ ಒಂದೊಂದೇ ಊರನ್ನು ಮೂರು ಸಲ ಕರೆಯಬೇಕು. ಕರೆಯುವವರು ಬಾಗಿಲ ಬಳಿ ಮೈಕ್ ಹಿಡಿದು ನಿಂತ ಮೈಕಕ್ಕ. ಸುತ್ತಲಿನ ಊರಿನವರು ಎದ್ದು ಬಂದು ಗೋಡೆ ಬಿರುಕು ಬಿಟ್ಟದ್ದು, ಬಾವಿಯ ನೀರು ಕಹಿಯಾದದ್ದು, ಮಕ್ಕಳು ನಿದ್ದೆಯಲ್ಲಿ ಬೆಚ್ಚುವುದು ಹೇಳಿಕೊಳ್ಳುತ್ತಾರೆ. ಅಧ್ಯಕ್ಷೆ ಬರೆದುಕೊಳ್ಳುತ್ತಾರೆ. ಕೊನೆಗೆ ಅದೊಂದೇ ಉಳಿಯುತ್ತದೆ.

"ಕೆಳಗಿನೂರಿನ ನಿವಾಸಿಗಳು ಯಾರಾದರೂ ಇದ್ದರೆ ಮುಂದೆ ಬರಬೇಕು."

ಯಾರೂ ಏಳುವುದಿಲ್ಲ. ಎರಡನೇ ಸಲ ಕರೆಯುತ್ತಾರೆ. ಮೂಲೆಮನೆಯ ಸೊಸೆ ತಲೆ ಇನ್ನೂ ಕೆಳಗೆ ಮಾಡುತ್ತಾಳೆ. ಮೂರನೇ ಸಲ ಕರೆದು, ಮೈಕಕ್ಕ ಎಂದಿನಂತೆ ಕಾಯುತ್ತಾರೆ. ಗುಮಾಸ್ತ ಪೆನ್ನು ತೆರೆದು "ಯಾರೂ ಇಲ್ಲ" ಎಂದು ಬರೆಯಲು ಬಗ್ಗುತ್ತಾನೆ.

ಆಗ ಮೈಕಕ್ಕ ಮೈಕನ್ನು ಸ್ಟೂಲಿನ ಮೇಲಿಡುತ್ತಾರೆ. ಮೈಕಿಲ್ಲದ ದನಿಯಲ್ಲಿ ಅವರ ಬಾಯಿಂದ ಬರುತ್ತದೆ:

"ಬಂದೆ, ತಾಳಿ."

ಅದು ಅದೇ ದನಿ. ಕೊನೆಯಲ್ಲಿ ಅದೇ ಸಣ್ಣ ಉಸಿರು. ಹಿಂದಿನ ಬೆಂಚಿನಲ್ಲಿ ಕೆಳಗಿನೂರಿನವರು ಒಟ್ಟಿಗೇ ತಲೆಯೆತ್ತಿ ಮುಖ ಮುಖ ನೋಡಿಕೊಂಡರು. ಹೊಲಿಗೆಗೆ ಬಟ್ಟೆ ಹಿಡಿದು ಆ ಬಾಗಿಲಲ್ಲಿ ನಿಂತವರೇ ಅವರೆಲ್ಲ. ಮೈಕಕ್ಕ ನಿಧಾನವಾಗಿ, ಬೆಂಚಿನ ಅಂಚು ಹಿಡಿದುಕೊಳ್ಳುತ್ತಾ, ವೇದಿಕೆಯ ಮುಂದೆ ಹೋಗಿ ನಿಲ್ಲುತ್ತಾರೆ.

"ನಾನು ಕೊನೆಮನೆ ಹೊಲಿಗೆಯಮ್ಮನ ಮಗಳು. ಆ ಮನೆ ಖಾಲಿ ಇಲ್ಲ ಮೇಡಂ."

"ಯಾರಿದ್ದಾರೆ ಅಲ್ಲಿ?" ಅಧ್ಯಕ್ಷೆ ಕೇಳುತ್ತಾರೆ.

"ಯಾರು ಅಂತ ನಂಗೊತ್ತಿಲ್ಲ. ಕರೆದ್ರೆ ಓಗೊಡ್ತಾರೆ."

ಒಂದಿಬ್ಬರು ಕಿಸಕ್ಕನೆ ನಗುತ್ತಾರೆ. ಅಧ್ಯಕ್ಷೆ ನಗುವುದಿಲ್ಲ. ಬಾಗಿಲಲ್ಲಿ ನಿಂತಿದ್ದ ಸಿಪಾಯಿಯ ಕಡೆ ತಿರುಗಿ, ಕಾವಲಿಗೆ ಹೋಗಿದ್ದವರು ನೀವೇ ಅಲ್ಲವೇ ಎನ್ನುತ್ತಾರೆ. ಸಿಪಾಯಿ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುತ್ತಾರೆ. ತಮ್ಮ ಅಧಿಕಾರಿಯನ್ನೊಮ್ಮೆ ನೋಡುತ್ತಾರೆ. ಮೈನಾ ಎಂದರೆ ಮುಗಿದುಹೋಗುತ್ತಿತ್ತು.

"ಹೌದು ಮೇಡಂ" ಎನ್ನುತ್ತಾರೆ. "ಓಗೊಡುತ್ತೆ. ನಾನೇ ಕೇಳಿದೀನಿ."

ಅಧಿಕಾರಿ ಲೋಟದ ನೀರು ಕುಡಿದು ಲೋಟವನ್ನು ಸದ್ದಾಗದಂತೆ ಕೆಳಗಿಡುತ್ತಾರೆ. ಹಿಂದಿನಿಂದ ಬೆಂಚು ಜರುಗಿದ ಸಪ್ಪಳ. ಬಟ್ಟೆ ಒಗೆಯುವವನು ಎದ್ದು ನಿಂತಿದ್ದಾನೆ. "ನಮ್ದು ಬಡಗಿ ಮನೆ" ಎನ್ನುತ್ತಾನೆ, ಅದಕ್ಕಿಂತ ಹೆಚ್ಚು ಹೇಳಲು ಆಗುವುದಿಲ್ಲ ಅವನಿಗೆ. ಅವನ ಪಕ್ಕದಲ್ಲಿ ಮೂಲೆಮನೆಯ ಸೊಸೆಯೂ ಏಳುತ್ತಾಳೆ. ಗುಮಾಸ್ತ ಬರೆಯಲು ಹೊರಟಿದ್ದನ್ನು ಬಿಟ್ಟು ಬೇರೆಯದನ್ನು ಬರೆಯುತ್ತಾನೆ.

ಪರವಾನಗಿಯ ತೀರ್ಮಾನ ನಿಂತಿದೆ. ಮುಂದಿನ ವಾರ ಸಮಿತಿ ಕೆಳಗಿನೂರಿಗೆ ಬಂದು ನೋಡಲಿದೆ. ನೋಡಿದ ಮೇಲೆ ಏನಾಗುವುದೋ ಯಾರಿಗೂ ಗೊತ್ತಿಲ್ಲ. ಮೈಕಕ್ಕನ ಕೆಲಸದ್ದು ಮಾತ್ರ ತೀರ್ಮಾನವಾಗಿದೆ. ಆಕ್ಷೇಪಣೆ ಹೇಳಿದವರು ಡಂಗುರ ಹೊಡೆಯುವಂತಿಲ್ಲವೆಂದು ಕಚೇರಿಯವರು ಬೇಸರದಿಂದಲೇ ತಿಳಿಸಿದ್ದಾರೆ. ಇನ್ನು ಮುಂದೆ ಸೇನಾ ಬಯಲಿನ ಪ್ರಕಟಣೆಗಳನ್ನು ಎಲ್ಲೋ ರೆಕಾರ್ಡ್ ಮಾಡಿದ ದನಿ ಹೇಳುತ್ತದೆ, ವ್ಯಾನು ನಿಲ್ಲಿಸದೆ ಹಾದುಹೋಗುತ್ತದೆ. ಮೈಕಕ್ಕನಿಗೆ ಉಳಿದಿರುವುದು ನೀರು, ಕರೆಂಟು, ಆಡು.

"ಊರಿಗೆಲ್ಲ ಕೇಳೋ ಹಾಗೆ ಮಾತಾಡ್ತಾಳೆ, ಮನೇಲಿ ಉಪ್ಪು ಕೊಡಿ ಅಂತ ಅವಳಂದಿದ್ದು ನಂಗೇ ಕೇಳ್ಸಲ್ಲ. ಅಂಥೋಳು ಅವತ್ತು ಮೈಕಿಲ್ಲದೆ ಸಭೇಲಿ ಮಾತಾಡಿದ್ಲಂತೆ" ಎಂದು ಗಂಡ ಬಂದವರಿಗೆಲ್ಲ ಹೇಳುತ್ತಾರೆ. ಹೇಳುವಾಗ ಕಣ್ಣು ಸ್ಪೀಕರಿನ ಒಳಗೆ ನೆಟ್ಟಿರುತ್ತದೆ.

ಹೊರಡುವ ಮುಂಚೆ ಮೈಕಕ್ಕನನ್ನು ಕೇಳಿದೆ, ಸಮಿತಿಯವರು ಬರುತ್ತಾರಲ್ಲ, ಅವರಿಂದ ಏನಾಗಬೇಕು ನಿಮಗೆ? ಪರಿಹಾರವೋ, ಮನೆ ಬಿಟ್ಟುಕೊಡುವುದೋ, ಏನಾದರೂ ದೊಡ್ಡದನ್ನು ಹೇಳುತ್ತಾರೆಂದುಕೊಂಡಿದ್ದೆ. ಅವರು ಹಾರ್ನಿನ ಧೂಳನ್ನು ಬಟ್ಟೆಯಿಂದ ಒರೆಸಿ ಮುಗಿಸಿದರು.

"ಕೊನೆಮನೆ ಮುಂದೆ ಬಂದು ಒಂದು ಸಲ ಕರೀಲಿ. ಕರೆದ ತಕ್ಷಣ ತಿರುಗಿ ಹೋಗ್ಬಾರ್ದು, ಅಷ್ಟೆ" ಎಂದರು. "ಅಮ್ಮನಿಗೆ ಮಂಡಿನೋವು. ಬಾಗಿಲಿಗೆ ಬರೋದು ಸ್ವಲ್ಪ ತಡ ಆಗುತ್ತೆ."